ಜಾಲತಾಣಕ್ಕೆ ಚಿತ್ರ ಏರಿಸುವ ಮುನ್ನ

ಕೇಳುಗರಿಗೆ ನಮಸ್ಕಾರ.

ಹಂಪಿಗೆ ಹೋಗಿ ವಿಠಲ ಗುಡಿಯ ಅಂಗಳದ ಕಲ್ಲಿನ ರಥದ ಫೋಟೋ ತೆಗೆದಿರಿ ಅನ್ನೋಣ. 12 ಮೆಗಾಪಿಕ್ಸೆಲ್ ಫೋನಿನಲ್ಲಿ ಅದರ ಅಗಲ ಸುಮಾರು 4000 ಪಿಕ್ಸೆಲ್, ಎತ್ತರ 3000. ಫೈಲಿನ ತೂಕ ಸಾಮಾನ್ಯವಾಗಿ 3ರಿಂದ 5 ಎಂಬಿ. ಹಾಗೇ ಜಾಲತಾಣಕ್ಕೆ ಏರಿಸಿದರೆ, ಅಂಗೈಯಗಲದ ಪರದೆಯಲ್ಲಿ ಓದುವವರೂ ಅಷ್ಟೂ ಡೇಟಾ ಇಳಿಸಿಕೊಳ್ಳಬೇಕು.

ಲೇಖನದ ಅಂಕಣ ಪರದೆಯ ಮೇಲೆ ಬಹುಮಟ್ಟಿಗೆ 700ರಿಂದ 800 ಪಿಕ್ಸೆಲ್ ಅಗಲ ಇರುತ್ತದೆ. ಈಗಿನ ಪರದೆಗಳಲ್ಲಿ ಪಿಕ್ಸೆಲುಗಳು ಒತ್ತಾಗಿರುವುದರಿಂದ ಅದರ ಎರಡರಷ್ಟು, ಅಂದರೆ 1600 ಪಿಕ್ಸೆಲ್ ಕೊಟ್ಟರೆ ಧಾರಾಳವಾಯಿತು. ಮೊದಲು ಬೇಡದ ಅಂಚು ಕತ್ತರಿಸಿ, ಆಮೇಲೆ ಅಳತೆ ಇಳಿಸಿ, ಕೊನೆಗೆ ಗುಣಮಟ್ಟ ಆರಿಸಿ ಬೇರೆ ಹೆಸರಿನಲ್ಲಿ ಉಳಿಸಿ. ಇದಕ್ಕೆ ಚಿತ್ರ ತಿದ್ದುವ ಗಿಂಪ್ ತಂತ್ರಾಂಶ ಸಾಕು, ಬ್ರೌಸರಿನಲ್ಲೇ ಮುಗಿಸುವುದಾದರೆ ಸ್ಕ್ವೂಶ್ ಎಂಬ ಜಾಲತಾಣ ಇದೆ. ಎರಡೂ ಉಚಿತ.

ಅಳತೆಯ ಮಾತಿಗೆ ಇಷ್ಟು ಒತ್ತು ಯಾಕೆಂದರೆ, ಗುಣಮಟ್ಟ ತಗ್ಗಿಸಿ ಫೈಲನ್ನು 300 ಕೆಬಿಗೆ ತಂದು, ಅಳತೆ ಮಾತ್ರ ಹಾಗೇ ಬಿಡುವವರು ಬಹಳ. ತೋರಿಸುವ ಹೊತ್ತಿಗೆ ಬ್ರೌಸರ್ ಆ ಫೈಲನ್ನು ಬಿಚ್ಚಲೇಬೇಕು, ಒಂದೊಂದು ಪಿಕ್ಸೆಲಿಗೆ 4 ಬೈಟಿನಂತೆ. 4000ಕ್ಕೆ 3000 ಅಂದರೆ 48 ಎಂಬಿ ಮೆಮೊರಿ! ಅದೇ 1600ಕ್ಕೆ 1200 ಆದರೆ 8 ಎಂಬಿಯೊಳಗೆ ಮುಗಿಯುತ್ತದೆ. ಹತ್ತು ಚಿತ್ರದ ಪುಟ ಹಳೆಯ ಫೋನಿನಲ್ಲಿ ಮುಗ್ಗರಿಸುವುದು ಇಲ್ಲೇ.

ಫೋಟೋಗಳನ್ನು ಜೆಪೆಗ್ ಎಂಬ ಬಗೆಯ ಫೈಲಾಗಿ ಉಳಿಸಿ, ಗುಣಮಟ್ಟ ನೂರಕ್ಕೆ 75ರಿಂದ 80 ಇಡಿ. ಜೆಪೆಗ್ ಚಿತ್ರವನ್ನು ಎಂಟಕ್ಕೆಂಟು ಪಿಕ್ಸೆಲಿನ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಗುಣಮಟ್ಟ ತೀರಾ ಇಳಿಸಿದರೆ ಆ ಚೌಕಗಳು ಮೊದಲು ಕಾಣುವುದು ಆಕಾಶದಂಥ ನುಣುಪಾದ ಕಡೆ. ಹಾಗಾಗಿ ಉಳಿಸುವ ಮುನ್ನ ಅಲ್ಲೇ ನೋಡಿ. ಪ್ರತಿ ಸಲ ಮತ್ತೆ ಉಳಿಸಿದಾಗಲೂ ಒಂದಿಷ್ಟು ವಿವರ ಹೋಗುತ್ತದೆ, ತಿದ್ದುವುದಿದ್ದರೆ ಮೂಲ ಫೈಲಿನಿಂದಲೇ ಶುರು ಮಾಡಿ. ವಾಟ್ಸ್‌ಆ್ಯಪಿನಲ್ಲಿ ಫೋಟೋ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿನಂತೆ ಬಂದದ್ದು ಆಗಲೇ ಒಮ್ಮೆ ಕುಗ್ಗಿರುತ್ತದೆ.

ಜೆಪೆಗ್ ಬದಲು ವೆಬ್‌ಪಿ ಎಂಬ ಬಗೆಯ ಫೈಲ್ ಬಳಸಿದರೆ ಇನ್ನೂ ಹಗುರ. 2020ರಲ್ಲಿ ಆ್ಯಪಲ್‌ನ ಬ್ರೌಸರ್ ಸಫಾರಿಯೂ ಅದನ್ನು ಒಪ್ಪಿಕೊಂಡ ಮೇಲೆ ಹಿಂಜರಿಯಲು ಕಾರಣವಿಲ್ಲ. ಜಾಲತಾಣ ನಡೆಸಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶ 2021ರಿಂದ ಅದನ್ನು ನೇರವಾಗಿ ಏರಿಸಿಕೊಳ್ಳುತ್ತದೆ.

ಪೋಸ್ಟರಿನ ಲೆಕ್ಕ ಬೇರೆ. ರಾಜ್ಯೋತ್ಸವದ ಪೋಸ್ಟರನ್ನೇ ನೋಡಿ, ಹಳದಿಯ ಮೇಲೆ ಕೆಂಪು ಅಕ್ಷರ. ಜೆಪೆಗ್ ಬೆಳಕನ್ನು ಪೂರ್ತಿ ವಿವರದಲ್ಲಿ ಇಟ್ಟುಕೊಂಡು, ಬಣ್ಣವನ್ನು ಸಾಮಾನ್ಯವಾಗಿ ಅರ್ಧ ಅಳತೆಗೆ ಇಳಿಸಿಬಿಡುತ್ತದೆ. ಕೆಂಪಿನ ಅಂಚು ಕದಡುತ್ತದೆ, ಒತ್ತಕ್ಷರಗಳು ಮಸಿ ಬಿದ್ದಂತೆ ಕಾಣುತ್ತವೆ. ಅಂಥದ್ದಕ್ಕೆ ವಿವರ ಕಳೆಯದೆ ಕುಗ್ಗಿಸುವ ಪಿಎನ್‌ಜಿ ಬಗೆಯ ಫೈಲ್ ಒಳ್ಳೆಯದು. ಆದರೆ ಫೋಟೋವನ್ನು ಪಿಎನ್‌ಜಿ ಮಾಡಬೇಡಿ, ಗಾತ್ರ ಹಲವು ಪಟ್ಟು ಹಿಗ್ಗುತ್ತದೆ.

ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಸಣ್ಣಕ್ಷರಗಳಲ್ಲಿರಲಿ. 'ಹಂಪಿ' ಎಂದು ಕನ್ನಡದಲ್ಲೇ ಇಟ್ಟರೆ, ಕೊಂಡಿಯನ್ನು ನಕಲಿಸಿ ಅಂಟಿಸಿದಾಗ ಆ ಎರಡೇ ಅಕ್ಷರ ಶೇಕಡಾ ಚಿಹ್ನೆಗಳ ಸಮೇತ 36 ಚಿಹ್ನೆಗಳ ಸರವಾಗಬಹುದು.

ಮನೆಯಲ್ಲಿ ತೆಗೆದ ಫೋಟೋ ಆದರೆ ಇನ್ನೊಂದು ಎಚ್ಚರ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಮನೆಯ ಅಕ್ಷಾಂಶ, ರೇಖಾಂಶ ಫೈಲಿನೊಳಗೇ ಕೂತಿರುತ್ತವೆ. ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಎಕ್ಸಿಫ್, ಅಂದರೆ ಫೈಲಿನೊಳಗೆ ಕೂತ ಇಂಥ ಮಾಹಿತಿಯ ಎದುರಿನ ಟಿಕ್ ಗುರುತು ತೆಗೆಯಿರಿ.

ಪುಟದಲ್ಲಿ ಚಿತ್ರದ ಅಗಲ, ಎತ್ತರ ಎರಡನ್ನೂ ನಮೂದಿಸಿ. ಇಲ್ಲದಿದ್ದರೆ ಚಿತ್ರ ಬಂದೊಡನೆ ಓದುತ್ತಿದ್ದ ಸಾಲು ಕೆಳಕ್ಕೆ ಜಿಗಿಯುತ್ತದೆ. ಲೇಜಿ ಲೋಡಿಂಗ್, ಅಂದರೆ ಓದುಗರು ಹತ್ತಿರ ಬಂದಾಗಷ್ಟೇ ಚಿತ್ರ ಇಳಿಸುವುದು, ಕೆಳಗಿನ ಚಿತ್ರಗಳಿಗೆ ಸರಿ, ಪುಟ ತೆರೆದ ಕೂಡಲೇ ಕಾಣುವ ಚಿತ್ರಕ್ಕೆ ಬೇಡ, ಅದನ್ನೇ ತಡಮಾಡಿದಂತಾಗುತ್ತದೆ.

ಆಲ್ಟ್ ಪಠ್ಯವನ್ನು, ಅಂದರೆ ಚಿತ್ರದ ಜೊತೆ ಬರೆದಿಡುವ ಅದರ ವಿವರಣೆಯನ್ನು, ದಯವಿಟ್ಟು ಖಾಲಿ ಬಿಡಬೇಡಿ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ. 'ಚಿತ್ರ 1' ಎಂದರೆ ಅವರಿಗೇನು ತಿಳಿದೀತು? 'ಹಂಪಿಯ ಕಲ್ಲಿನ ರಥ, ಮುಂದೆ ಎರಡು ಕಲ್ಲಾನೆಗಳು' ಎಂದು ಬರೆಯಿರಿ. ಪ್ರಕಟಣೆ, ಆಹ್ವಾನಪತ್ರಿಕೆಗಳನ್ನು ನಾವು ಇಂದಿಗೂ ಬರೀ ಚಿತ್ರವಾಗಿ ಹಾಕುತ್ತೇವೆ. ಓದುಗರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇಲ್ಲದಿದ್ದರೆ ಅಕ್ಷರಗಳು ಕಲಸುಮೇಲೋಗರವಾಗುತ್ತಿದ್ದ ಕಾಲದ ಅಭ್ಯಾಸ ಅದು. ಈಗ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಯೂನಿಕೋಡ್ ಇದೆ. ಚಿತ್ರ ಹಾಕಿ, ಅದರ ಕೆಳಗೆ ಅಷ್ಟೂ ಮಾತನ್ನು ಟೈಪ್ ಮಾಡಿಯೂ ಹಾಕಿ. ಹುಡುಕುವವರಿಗೂ ಸಿಗುತ್ತದೆ, ಕೇಳಿಸಿಕೊಂಡು ಓದುವವರಿಗೂ ಸಿಗುತ್ತದೆ.

ನಮಸ್ಕಾರ.