ಆಚೆ ದಡಕ್ಕೆ ಹೋಗದ ದೋಣಿ

ಈ ಶಾಟ್ ಸ್ವಲ್ಪ ಅಲ್ಲಾಡ್ತಾ ಉಂಟು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹೋಳಿಗೆಯ ಹರಿವಾಣ. ನಮ್ಮ ಮನೆಯಲ್ಲಿ ವ್ಲಾಗ್ ಮಾಡ್ತೇನೆ ಅಂತ ಹೇಳಿದರೆ ಸುದರಿಕೆಯಿಂದ ರಜೆ ಸಿಗುವುದಿಲ್ಲ ಮಾರಾಯ್ರೆ. ಬಂದವರನ್ನು ಕೂರಿಸಬೇಕು, ಬಡಿಸಬೇಕು, ಎರಡನೇ ಸಲ ಕೇಳಬೇಕು, ಬೇಡ ಅಂದವರ ಎಲೆಗೂ ಒಂದು ಹಾಕಬೇಕು. ಆ ಕೊನೆಯಲ್ಲಿ ಬಾಳೆಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತವರು ನನ್ನ ಸೋದರಮಾವ. ಸಕ್ಕರೆ ಕಾಯಿಲೆ. ಆದರೂ ನಾಲ್ಕನೆಯದ್ದು. ಅತ್ತೆ ನೋಡ್ತಾ ಇದ್ದಾರೆ ಅಂತಲೇ ಆ ಕೈ ಅಡ್ಡ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅಜ್ಜನ ಮನೆ ಇದು. ಮೇ ತಿಂಗಳ ಎರಡನೇ ವಾರ. ಅಡಕೆ ಒಣಗಿಸುವ ಅಂಗಳಕ್ಕೆ ಚಪ್ಪರ ಹಾಕಿದ್ದಾರೆ, ಕೆಳಗೆ ನೂರೈವತ್ತು ಜನ. ಬೆಂಗಳೂರು, ಪುಣೆ, ದುಬೈ, ಮಂಗಳೂರು, ಎಲ್ಲ ಕಡೆಯಿಂದ ಬಂದವರು. ಕಾರಣ ಅಜ್ಜಿ. ಅಜ್ಜಿಗೆ ಸಹಸ್ರ ಚಂದ್ರ ದರ್ಶನದ ಶಾಂತಿ. ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವುದು. ವರ್ಷಕ್ಕೆ ಹನ್ನೆರಡು, ನಡುವೆ ಅಧಿಕ ಮಾಸದ್ದು ಸೇರಿಸಿದರೆ 80 ವರ್ಷ 10 ತಿಂಗಳ ಸುಮಾರಿಗೆ ಸಾವಿರ ತುಂಬುತ್ತದೆ. ನಮ್ಮಲ್ಲಿ ಎಲ್ಲರ ರಜೆ ಹೊಂದಿಸುವಾಗ ಅಜ್ಜಿಗೆ 83 ಆಯಿತು.

ಈ ಲೆಕ್ಕವನ್ನು ಅಜ್ಜಿ ಒಪ್ಪಿಲ್ಲ. ಹೋಮ ಮುಗಿಸಿ ಎದ್ದ ಭಟ್ಟರ ಎದುರೇ ಹೇಳಿದರು: "ಆಟಿಲಿಯೂ ಸೋಣೆಲಿಯೂ ಚಂದ್ರನ ಎಲ್ಲಿ ಕಾಂಬದು? ಅದರೆಲ್ಲ ಲೆಕ್ಕಂದ ತೆಗೆದರೆ ಸಾವಿರ ಆಯಿದಿಲ್ಲೆ." ಆಟಿ, ಸೋಣೆ ಅಂದರೆ ಮಳೆಯ ತಿಂಗಳುಗಳು. ಸರಿಯೇ ಅಲ್ವಾ? ನಮ್ಮ ಊರಿನ ಮಳೆಗಾಲದಲ್ಲಿ ನಾಲ್ಕು ತಿಂಗಳು ಹುಣ್ಣಿಮೆ ಎಂಬುದು ಪಂಚಾಂಗದಲ್ಲಿ ಮಾತ್ರ. ಭಟ್ಟರು ನಕ್ಕು ದಕ್ಷಿಣೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಇದು ಊಟದ ಹೊತ್ತಿನ ಚೂರ್ಣಿಕೆ. ಒಬ್ಬರು ಶ್ಲೋಕ ಎತ್ತುವುದು, ಕೊನೆಗೆ ಇಡೀ ಪಂಕ್ತಿ "ಹರಹರ ಮಹಾದೇವ" ಅನ್ನುವುದು. ದುಬೈಯ ಮಕ್ಕಳಿಗೆ ಅದೊಂದೇ ಸಾಲು ಬರುವುದು, ಆದ್ದರಿಂದ ಅದನ್ನು ಚಪ್ಪರ ಹಾರಿಹೋಗುವಷ್ಟು ಜೋರಾಗಿ ಹೇಳ್ತಾರೆ.

ಮತ್ತೆ ಇದು, ನೀವು ಯಾವಾಗಲೂ ಕೇಳುವ ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹೊರಗೆ ಹರಿದು ಬರ್ತದೆ. ಮೇ ತಿಂಗಳಲ್ಲಿ ಮಾತ್ರ ಈ ನೂಲಿನಷ್ಟೇ. ನೂರೈವತ್ತು ಜನರ ಕೈ ತೊಳೆಯುವ ನೀರು ಟ್ಯಾಂಕರಿನದ್ದು. ಆದರೆ ಪಾಯಸಕ್ಕೆ ಈ ನೀರೇ ಆಗಬೇಕು ಅಂತ ದೊಡ್ಡಪ್ಪ ಹಿಂದಿನ ರಾತ್ರಿಯಿಂದಲೇ ಕೊಡಪಾನ ಇಟ್ಟು ಕಾದಿದ್ದರು.

ಇನ್ನು ಕ್ರೂಸಿನ ವಿಷಯ. ತಂಬ್‌ನೇಲ್ ನೋಡಿ ಬಂದವರಿಗೆ ಮೊದಲೇ ಹೇಳಿಬಿಡ್ತೇನೆ, ದೊಡ್ಡ ಹಡಗು ಇಲ್ಲ. ನಾವು ಶಾಲೆಯ ಆರು ಜನ ಗೆಳೆಯರ ವಾಟ್ಸಾಪ್ ಗುಂಪಿನ ಹೆಸರು 'ಕ್ರೂಸ್'. ಆರು ವರ್ಷದ ಹಿಂದೆ ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗುವುದು ಅಂತ ಮಾಡಿದ ಗುಂಪು. ಅಲ್ಲಿಗೆ ಪರ್ಮಿಟ್ ಬೇಕು, ಪರ್ಮಿಟ್‌ಗೆ ದಿನ ಬೇಕು, ಆರು ಜನರ ದಿನ ಒಂದಾಗಬೇಕು. ಒಬ್ಬಳ ಮದುವೆ, ಒಬ್ಬನ ಕೆಲಸ ಹೋದದ್ದು, ಮತ್ತೆ ಕೊರೋನ, ಮತ್ತೆ ಮಕ್ಕಳು. ಗುಂಪಿನಲ್ಲಿ ಉಳಿದದ್ದು ಗುಡ್ ಮಾರ್ನಿಂಗ್ ಮತ್ತು ರಬ್ಬರಿನ ರೇಟು. ಈ ಸಲ ಎಲ್ಲರೂ ಹೇಗೂ ಊರಲ್ಲಿದ್ದೇವೆ, ಲಕ್ಷದ್ವೀಪ ಸಾಯಲಿ, ನೀಲೇಶ್ವರದಲ್ಲಿ ಹೌಸ್‌ಬೋಟ್ ಉಂಟಲ್ಲ ಅಂದವಳು ಉಪ್ಪಳ.

ಉಪ್ಪಳ ಅಂದ್ರೆ ಊರಲ್ಲ, ಅವಳು. ಕನ್ನಡ ಮೀಡಿಯಂ ಶಾಲೆಯಲ್ಲಿ ಒಂದೇ ಹೆಸರಿನವರು ಇಬ್ಬಿಬ್ಬರು ಇದ್ದ ಕಾರಣ ಮಾಷ್ಟ್ರು ನಮ್ಮನ್ನು ಊರಿನ ಹೆಸರಲ್ಲೇ ಕರೆಯುತ್ತಿದ್ದದ್ದು. ಉಪ್ಪಳದವಳ ಮನೆಯಲ್ಲಿ ಉರ್ದು. ಕುಂಬಳೆಯವನ ಮನೆಯಲ್ಲಿ ತುಳು, ಮಂಜೇಶ್ವರದವಳದ್ದು ಕೊಂಕಣಿ, ಪೆರ್ಲದವನದ್ದು ಮರಾಟಿ, ಮುಳ್ಳೇರಿಯದವನದ್ದು ಮಲಯಾಳ, ನನ್ನದು ಹವ್ಯಕ. ಆರು ಮನೆಗೆ ಆರು ಮಾತು. ಜಗಳ ಆಡಲಿಕ್ಕೆ ನಮಗೆ ಕನ್ನಡವೇ ಬೇಕು.

ಮನೆಯಲ್ಲಿ ಹೇಳಿದೆ, ನಾಳೆ ಬೆಳಿಗ್ಗೆ ಬೋಟಿಗೆ ಹೋಗ್ತೇನೆ. ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ತಾನೂರಿನದ್ದು ಮರೆತುಹೋಯಿತಾ?" ಅಂದರು. ಮರೆಯುವುದು ಹೇಗೆ? 2023ರ ಮೇ 7ರ ಸಂಜೆ, ಇದೇ ರಜೆಯ ದಿನಗಳು, ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಜನ ಹೋದರು. ಹಿಡಿಸುವುದಕ್ಕಿಂತ ಹೆಚ್ಚು ಜನ ತುಂಬಿಸಿದ್ದರು. ಲೈಫ್ ಜಾಕೆಟ್ ಹಾಕ್ತೇನೆ, ಆರೇ ಜನ, ಕತ್ತಲಾಗುವ ಮೊದಲು ದಡಕ್ಕೆ ಬರ್ತೇವೆ ಅಂತ ಮೂರು ಮಾತು ಕೊಟ್ಟ ಮೇಲೆ ಸೌಟು ಪುನಃ ಅಮ್ಮನ ಕೈಗೆ ಬಂತು. ಮಾವ ಬಿಡಬೇಕಲ್ಲ. "ಅದಕ್ಕೆ ಕೆಟ್ಟುವಳ್ಳಂ ಅಂತ ಹೆಸರಲ್ಲವಾ? ಮೊದಲೇ ಕೆಟ್ಟದ್ದಾ, ನೀವು ಹತ್ತಿದ ಮೇಲೆ ಕೆಡುವುದಾ?"

ಅಜ್ಜಿ ಕೇಳಿದ್ದು ಬೇರೆ. "ಅದು ಎಲ್ಲಿಗೆ ಹೋಪದು ಕೂಸೆ?"

ಎಲ್ಲಿಗೂ ಇಲ್ಲ ಅಜ್ಜಿ, ಹೊಳೆಯಲ್ಲಿ ಸುತ್ತು ಹೊಡೆದು ಹೊರಟಲ್ಲಿಗೇ ಬರುವುದು ಅಂದೆ.

"ಆಚ ಕರೆಗೆ ಹೋಗದ್ದ ದೋಣಿ ಎಂತಕೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿಯ ತವರು ಪಯಸ್ವಿನಿಯ ಆಚೆ. ಮದುವೆಯಾಗಿ ಬರುವಾಗ ಆ ಕಡೆ ಸೇತುವೆ ಇರಲಿಲ್ಲ, ಕಡವು. ತವರಿಂದ ಕೊಟ್ಟ ಕರುವನ್ನೂ ಅದೇ ದೋಣಿಗೆ ಹತ್ತಿಸಿದ್ದರಂತೆ. ಕರು ಹೆದರಿ ಹಾರದಂತೆ ಅದರ ಕುತ್ತಿಗೆ ತಬ್ಬಿ ಕೂತು ಬಂದವರು ಅಜ್ಜಿ. ಹೊಸ ಸೀರೆಯೆಲ್ಲ ಸೆಗಣಿ. ಕಡವಿನವನಿಗೆ ಆಗ ದುಡ್ಡು ಕೊಡುವ ಕ್ರಮ ಇಲ್ಲ, ಕೊಯ್ಲಾದ ಮೇಲೆ ಭತ್ತ. ದೋಣಿ ಅಂದರೆ ಅವರಿಗೆ ಇಷ್ಟು: ಈಚೆಯಿಂದ ಆಚೆಗೆ. ಸುಮ್ಮನೆ ನೀರ ಮೇಲೆ ಕೂರಲಿಕ್ಕೆ ಸಾವಿರಾರು ರೂಪಾಯಿ ಕೊಡುತ್ತಾರೆ ಅಂತ ನಾನು ಹೇಳಲಿಲ್ಲ.

ಬೆಳಿಗ್ಗೆ ಐದೂವರೆ. ಕತ್ತಲೆಯಲ್ಲಿ ಕಾಣುವ ಈ ಹೊಗೆ ಅಡಿಗೆ ಕೋಣೆಯದ್ದು. ಯಾರಿಗೂ ಗೊತ್ತಾಗದ ಹಾಗೆ ಹೊರಡಬೇಕು ಅಂತ ಇದ್ದೆ. ಚಿಕ್ಕಮ್ಮ ಹಲಸಿನಕಾಯಿ ದೋಸೆ ಹುಯ್ಯುತ್ತಾ ಕೂತಿದ್ದಾರೆ. "ಉಂಡಿಕ್ಕಿ ಹೋಗು." ಐದೂವರೆಗೆ ಯಾರು ಉಣ್ಣುತ್ತಾರೆ? ನಾನು, ಮೂರು. ಆಮೇಲೆ ಈ ಚೀಲ. ಹೋಳಿಗೆ, ಹಲಸಿನ ಹಪ್ಪಳ ಕಾಯಿಸಿದ್ದು, ಹಲಸಿನ ಹಣ್ಣಿನ ಕೊಟ್ಟಿಗೆ ಅಂದರೆ ಕಡುಬು, ಒಂದು ಡಬ್ಬ ಕಾಟು ಮಾವಿನ ಗೊಜ್ಜು, ಎರಡು ಬಾಟಲಿ ಸುರಂಗದ ನೀರು. ಬೋಟಿನಲ್ಲಿ ಊಟ ಉಂಟು ಅಂದರೆ ಕೇಳುವವರಿಲ್ಲ. "ಅಲ್ಲಿ ಎಲ್ಲ ಮೀನೇ," ಅಂದರು ಅಮ್ಮ. ಅದು ಮಾತ್ರ ಸರಿಯಾಗಿತ್ತು.

ಕಾಸರಗೋಡಿನಿಂದ ರೈಲು. ಸ್ಟೇಷನ್ ಬಿಟ್ಟ ಸ್ವಲ್ಪ ಹೊತ್ತಿಗೆ ಈ ಸೇತುವೆ ಬರ್ತದೆ, ಕೆಳಗೆ ಚಂದ್ರಗಿರಿ ಹೊಳೆ. ಅಜ್ಜಿಯ ಪಯಸ್ವಿನಿ ಇಲ್ಲಿಗೆ ಬರುವಾಗ ಚಂದ್ರಗಿರಿ ಆಗಿರ್ತದೆ. ಹಳೆಯ ಲೆಕ್ಕದಲ್ಲಿ ತುಳುನಾಡಿನ ತೆಂಕಣ ಗಡಿ ಇದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ, ಹೊಳೆಯ ಬಡಗು ದಡವಾದರೂ ನಮಗಿರಲಿ ಅಂತ ಕೇಳಿದವರ ಮಕ್ಕಳು ಮೊಮ್ಮಕ್ಕಳು ನಾವು. ಕುಂಬಳೆಯವ ಪ್ರತಿ ಸಲ ಇಲ್ಲಿ ಎದ್ದು ನಿಂತು ಕೈ ಮುಗಿಯುತ್ತಾನೆ, ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ. ಮುಳ್ಳೇರಿಯದವ, "ಇನ್ನು ನನ್ನ ರಾಜ್ಯ, ನಾನು ಹೇಳಿದ ಹಾಗೆ ಕೇಳಿ," ಅಂದ. ಆಮೇಲೆ ಬೇಕಲ, ಕಾಞಂಗಾಡ್, ನಿದ್ದೆ.

ನೀಲೇಶ್ವರದ ಕೋಟಪ್ಪುರಂ ಜೆಟ್ಟಿ. ಕೆಟ್ಟುವಳ್ಳಂ ಅಂದರೆ ಏನು ಅಂತ ಇಲ್ಲಿ ತೋರಿಸ್ತೇನೆ, ಮಾವ ನೋಡ್ಲಿ. ಮಲಯಾಳದಲ್ಲಿ 'ಕೆಟ್ಟು' ಅಂದರೆ ಕಟ್ಟು, 'ವಳ್ಳಂ' ಅಂದರೆ ದೋಣಿ. ಹಲಗೆಗೆ ಹಲಗೆ ಜೋಡಿಸಿ, ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಮೊಳೆ ಇಲ್ಲ. ಹಿಂದೆ ಭತ್ತ, ಕೊಪ್ಪರ ಹೇರಿಕೊಂಡು ಹೋಗುತ್ತಿದ್ದ ದೋಣಿಯ ಮೇಲೆ ಈಗ ಎಸಿ ರೂಮು. ಚಲಾಯಿಸುವವರಿಗೆ ಸ್ರಾಂಕ್ ಅನ್ನುತ್ತಾರೆ. ನಮ್ಮ ಸ್ರಾಂಕ್ ಅರುವತ್ತು ದಾಟಿದವರು, ಮಾತು ಕಡಿಮೆ. ನಾನೇ ಮೊದಲು ಜಾಕೆಟ್ ಕೇಳಿದ್ದಕ್ಕೆ "ನಲ್ಲ ಮೋಳ್" ಅಂದರು, ಒಳ್ಳೆ ಮಗಳು ಅಂತ. ಉಳಿದ ಐವರು ಫೋಟೋ ಹಾಳಾಗ್ತದೆ ಅಂತ ಗೊಣಗಿ ಹಾಕಿಕೊಂಡರು. ಹಾಳಾಗಿದೆ, ನಿಜವೇ. ಆರು ಕಿತ್ತಳೆ ಹಣ್ಣುಗಳು.

ಈ ಅಗಲದ ನೀರು ತೇಜಸ್ವಿನಿ, ಕಾರ್ಯಂಗೋಡು ಹೊಳೆ ಅಂತಲೂ ಹೇಳ್ತಾರೆ. ಕೊಡಗಿನ ಕಾಡಿನಿಂದ ಇಳಿದು ಬಂದದ್ದು. ಮೇಲಕ್ಕೆ ಹೋದರೆ ಇದೇ ದಡದಲ್ಲಿ ಕಯ್ಯೂರು. ಅಲ್ಲಿನ ರೈತ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದ್ದು. ಆ ಕತೆಯನ್ನು ನಿರಂಜನರು ಬರೆದದ್ದು ಕನ್ನಡದಲ್ಲಿ. ಪೆರ್ಲದವ ಸ್ರಾಂಕ್‌ಗೆ 'ಚಿರಸ್ಮರಣೆ'ಯ ವಿಷಯ ಹೇಳಿದ. ಅವರು ಸ್ಟೀರಿಂಗ್‌ನಿಂದ ಒಂದು ಕೈ ತೆಗೆದು ಮೂಡು ದಿಕ್ಕಿಗೆ ತೋರಿಸಿದರು, ಅಷ್ಟೇ. ನಮ್ಮ ಬೋಟು ಮಾತ್ರ ತೆಂಕಕ್ಕೆ, ವಲಿಯಪರಂಬದ ಹಿನ್ನೀರಿಗೆ.

ಮುಂದಿನ ಒಂದು ಗಂಟೆಯ ಫೂಟೇಜ್ ಎಲ್ಲ ತೆಂಗಿನಮರ. ನಾನೇ ಎಡಿಟ್ ಮಾಡುವಾಗ ಎರಡು ಸಲ ನಿದ್ದೆ ಹೋದೆ, ಹಾಗಾಗಿ ತೆಗೆದಿದ್ದೇನೆ. ಊಟಕ್ಕೆ ಕರಿಮೀನು. ನನಗೆ ಅನ್ನ, ಸಾಂಬಾರು, ಮತ್ತೆ ನನ್ನ ಚೀಲ. ಚೀಲ ಬಿಚ್ಚಿದ್ದೇ ತಡ, ಕರಿಮೀನಿನವರೆಲ್ಲ ಈಚೆ ಬಂದರು. ಗೊಜ್ಜು ಹತ್ತು ನಿಮಿಷದಲ್ಲಿ ಖಾಲಿ. ಉಪ್ಪಳದವಳು ಮಾವಿನ ಗೊರಟು ಚೀಪುತ್ತಾ, "ನಿಮ್ಮ ಅಜ್ಜಿಗೆ ಇನ್ನೊಂದು ಸಾವಿರ ಚಂದ್ರ," ಅಂದಳು. ಆ ಕ್ಲಿಪ್ ಅಜ್ಜಿಗೆಂದೇ ತೆಗೆದಿಟ್ಟದ್ದು.

ಇಲ್ಲಿ ನೋಡಿ, ನೀರಲ್ಲಿ ಸಾಲು ಸಾಲು ಬಿದಿರು ನೆಟ್ಟಿದ್ದಾರಲ್ಲ, ಚಪ್ಪರದ ಹಾಗೆ. ಅದು ಕಲ್ಲುಮ್ಮಕ್ಕಾಯಿಯ ಕೃಷಿ, ನಮ್ಮ ಕಡೆ ಪಚ್ಚಿಲೆ ಅಂತೇವಲ್ಲ, ಅದೇ ಚಿಪ್ಪು. ಪಡನ್ನ, ಚೆರುವತ್ತೂರಿನ ಕಡೆ ಹೆಂಗಸರ ಗುಂಪುಗಳೇ ಹೆಚ್ಚಾಗಿ ಮಾಡುವುದು. ಮಳೆ ನಿಂತು ನೀರು ಉಪ್ಪಾದ ಮೇಲೆ, ಬಂಡೆಯಿಂದ ಕಿತ್ತು ತಂದ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳು ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ನೀರಲ್ಲಿ ಬಟ್ಟೆ ಕೊಳೆತು ಹೋಗುವ ಹೊತ್ತಿಗೆ ಮರಿ ತನ್ನದೇ ನೂಲು ಬಿಟ್ಟು ಹಗ್ಗವನ್ನು ಹಿಡಿದುಕೊಂಡಿರ್ತದೆ. ಮಳೆ ಬಂದು ನೀರು ಸಪ್ಪೆಯಾದರೆ ಸಾಯ್ತವೆ, ಅದಕ್ಕೆ ಮೇ ಮುಗಿಯುವ ಒಳಗೆ ಎಲ್ಲ ಎತ್ತಬೇಕು. ಈ ದೋಣಿಯಲ್ಲಿ ಕಪ್ಪಗೆ ಗೊಂಚಲು ಗೊಂಚಲಾಗಿ ಬಿದ್ದಿರುವುದು ಅದೇ. ಸಸ್ಯಾಹಾರಿಯಾದ ನಾನು ಇದರ ಬಗ್ಗೆ ಇಷ್ಟು ಹೇಳಿದ್ದು ಅಮ್ಮನಿಗೆ ಗೊತ್ತಾಗುವುದು ಬೇಡ.

ಹೀಗೆ ನೋಡ್ತಾ ಇರುವಾಗಲೇ ಈ ಶಬ್ದ. ಕರ್ರ್... ಕೇಳಿತಾ? ಆಮೇಲೆ ಏನೂ ಇಲ್ಲ. ಎಲ್ಲಿಂದಲೋ ತೇಲಿ ಬಂದ ನೈಲಾನ್ ಹಗ್ಗ ಪ್ರೊಪೆಲರ್‌ಗೆ ಸುತ್ತಿಕೊಂಡದ್ದು. ಕೆಟ್ಟುವಳ್ಳಂ ಕೆಟ್ಟಿತು. ಮಾವನ ನಾಲಿಗೆ! ಸ್ರಾಂಕ್ ಅಂಗಿ ಬಿಚ್ಚಿ, ಬಾಯಲ್ಲಿ ಚೂರಿ ಕಚ್ಚಿ ನೀರಿಗಿಳಿದರು. ಅರುವತ್ತು ದಾಟಿದವರು ಅಂದೆನಲ್ಲ, ಮುಳುಗಿದರೆ ನಮಗೆಲ್ಲ ಉಸಿರು ಕಟ್ಟುವಷ್ಟು ಹೊತ್ತು ಮೇಲೆ ಬರುವುದಿಲ್ಲ. ಪ್ರತಿ ಸಲವೂ ಕೈಯಲ್ಲಿ ಒಂದು ತುಂಡು ನೀಲಿ ಹಗ್ಗ.

ನಾಲ್ಕನೇ ಸಲ ಮೇಲೆ ಬಂದವರು, ಹೊತ್ತು ಹಿಡಿಯುತ್ತದೆ, ನೀವು ಸುಮ್ಮನೆ ಕೂರಬೇಡಿ ಅಂತ ನಮಗೆ ಹೇಳಿ, ಇವರನ್ನು ದಡಕ್ಕೆ ಬಿಡಿ ಅಂತ ಚಿಪ್ಪಿನ ದೋಣಿಯ ಹೆಂಗಸರಿಗೆ ಕೂಗಿದರು. ಅವರು ಗೊಂಚಲುಗಳನ್ನು ಒಂದು ಬದಿಗೆ ತಳ್ಳಿ ಜಾಗ ಮಾಡಿದರು. ಮೂರು ಮೂರು ಜನರಾಗಿ, ಎರಡು ಸಲ. ಕುಂಬಳೆಯವನ ಪ್ಯಾಂಟಿಗೆ ಹತ್ತಿದ ಆ ವಾಸನೆ ರೈಲಿನವರೆಗೂ ಬಂತು.

ನಾವು ಇಳಿದ ದ್ವೀಪ ವಲಿಯಪರಂಬ ಉದ್ದಕ್ಕೆ ಸುಮಾರು 24 ಕಿಲೋಮೀಟರ್, ಅಗಲ ಮಾತ್ರ ಒಂದು ಹಗ್ಗದ ಹಾಗೆ. ಈಚೆ ಹಿನ್ನೀರು, ತೆಂಗಿನ ಮರಗಳ ನಡುವೆ ಸ್ವಲ್ಪ ನಡೆದರೆ ಆಚೆ ಅರಬ್ಬೀ ಸಮುದ್ರ. ಈಚೆ ನೀರು ಸದ್ದಿಲ್ಲದೆ ಮಲಗಿದೆ, ಆಚೆಯದ್ದರ ಬೊಬ್ಬೆಗೆ ನನ್ನ ಮೈಕ್ ಸತ್ತುಹೋಗಿದೆ. ಒಂದು ಗೂಡಂಗಡಿಯಲ್ಲಿ ಚಹಾ, ಬಾಳೆಹಣ್ಣಿನ ಪಳಂಪೊರಿ. ದುಡ್ಡು ಕೊಟ್ಟು ಹತ್ತಿದ ಬೋಟು ನೀರಲ್ಲಿ ನಿಂತಿದೆ, ದುಡ್ಡು ಕೊಡದೆ ಹತ್ತಿದ ದೋಣಿ ನಮ್ಮನ್ನು ಇಲ್ಲಿಗೆ ತಂದಿದೆ. ಹೆಂಗಸರು ಏನು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಉಳಿದಿದ್ದ ನಾಲ್ಕು ಹೋಳಿಗೆ ಕೊಟ್ಟೆ. ಒಬ್ಬರು ಮೂಸಿ ನೋಡಿ "ಬೋಳಿ!" ಅಂದರು, ಆ ಕಡೆ ಹೋಳಿಗೆಗೆ ಅದೇ ಹೆಸರು.

ಬೋಟು ಸರಿಯಾಗಿ, ಕತ್ತಲಾಗುವ ಮೊದಲೇ ಜೆಟ್ಟಿಗೆ ತಲುಪಿದೆವು. ಅಮ್ಮನಿಗೆ ಕೊಟ್ಟ ಮೂರನೇ ಮಾತು ಹೇಗೋ ಉಳಿಯಿತು. ಲಕ್ಷದ್ವೀಪದ ಬಗ್ಗೆ ಯಾರೂ ಮಾತಾಡಲಿಲ್ಲ, ಪುನಃ ಗುಂಪಿನಲ್ಲಿ ಶುರುವಾದದ್ದು ಮರುದಿನ ಬೆಳಿಗ್ಗೆ.

ಇದು ಮರುದಿನ ಸಂಜೆ. ಅಂಗಳದ ಚಪ್ಪರ ಬಿಚ್ಚಿದ್ದಾರೆ, ಪುಣೆಯವರು ಹೋಗಿಯಾಯಿತು. ಜಗಲಿಯಲ್ಲಿ ಅಜ್ಜಿಗೆ ಫೋನಿನಲ್ಲಿ ವಿಡಿಯೋ ತೋರಿಸ್ತಾ ಇದ್ದೇನೆ. ಆಚೆ ಕರೆಗೂ ಹೋದೆ ಅಜ್ಜಿ, ಸಣ್ಣ ದೋಣಿಯಲ್ಲಿ ಅಂದೆ. "ಅಪ್ಪೋ?" ಅಂದರು, ಹೌದಾ ಅಂತ, ಕಣ್ಣು ಫೋನಿನಲ್ಲೇ. ಸ್ರಾಂಕ್ ಮುಳುಗುವುದು, ಸಮುದ್ರ, ಚಹಾ, ಎಲ್ಲ ನೋಡಿದರು. ನಾನು ಎಡಿಟ್‌ನಲ್ಲಿ ತೆಗೆದುಬಿಟ್ಟ ಆ ತೆಂಗಿನಮರದ ಫೂಟೇಜ್ ಬಂದಾಗ ಮಾತ್ರ ನಿಲ್ಲಿಸಲಿಕ್ಕೆ ಹೇಳಿದರು. ಕನ್ನಡಕ ಸರಿಮಾಡಿ, ಬೆರಳಿನಿಂದ ಒಂದು ಮರ ತೋರಿಸಿದರು. ಕಾಯಿಗಳೆಲ್ಲ ಒಣಗಿ ಕಂದು ಬಣ್ಣವಾಗಿ ಮರದಲ್ಲೇ ನೇತಾಡ್ತಾ ಇದ್ದವು.

"ಅಲ್ಲಿಯೂ ಕಾಯಿ ಕೊಯ್ವಲೆ ಜನ ಸಿಕ್ಕುತ್ತಿಲ್ಲೆಯೋ?"