ಗುಬ್ಬಿಗೆ ಬಂದ ಮೆಥೊಡಿಸ್ಟರು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಪಾಲಿಕೆ ಕಚೇರಿಯ ಹತ್ತಿರ, ಹಡ್ಸನ್ ವೃತ್ತದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಅಲ್ಲಿನ ಕಲ್ಲು ಕಟ್ಟಡದ ಚರ್ಚನ್ನು ನೀವು ನೋಡಿಯೇ ಇರುತ್ತೀರಿ. 1904ರದ್ದು. ಒಳಗೆ ನಡೆಯುವುದು ಕನ್ನಡ ಆರಾಧನೆ. ಅದನ್ನು ಕಟ್ಟಿದ್ದು ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್, ಅಂದರೆ ಇಂಗ್ಲೆಂಡಿನ ಜಾನ್ ವೆಸ್ಲಿಯ ಪ್ರಾಟೆಸ್ಟಂಟ್ ಪಂಥದ ಧರ್ಮಪ್ರಚಾರ ಸಂಸ್ಥೆ. ಅದರ ಕನ್ನಡದ ಕಥೆ ಹುಡುಕುತ್ತಾ ಹೋದರೆ ಮಾತ್ರ ತುಮಕೂರು ದಾಟಿ ಗುಬ್ಬಿಗೆ ಹೋಗಬೇಕಾಗುತ್ತದೆ.

ಮಿಷನ್ ಬೆಂಗಳೂರಿಗೆ ಬಂದದ್ದು 1821ರಲ್ಲಿ. ಆಗ ಅದರ ಓಡಾಟವೆಲ್ಲ ದಂಡಿನಲ್ಲಿ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನಲ್ಲಿ. ಸೋಲ್ಜರುಗಳ ನಡುವೆ, ಅಲ್ಲಿನ ತಮಿಳರ ನಡುವೆ. ಕನ್ನಡದ ಜನ ಬೇಕೆಂದರೆ ದಂಡು ಬಿಟ್ಟು ಹೊರಡಲೇಬೇಕಿತ್ತು. 1830ರ ದಶಕದ ಕೊನೆಗೆ ಮಿಷನ್ನಿನ ಥಾಮಸ್ ಹಡ್ಸನ್ ಗುಬ್ಬಿಯಲ್ಲಿ ನೆಲೆಯೂರಿದರು. ವೃತ್ತಕ್ಕೆ ಹೆಸರು ಕೊಟ್ಟವರು ಇವರಲ್ಲ, ಆಮೇಲಿನ ಮಿಷನರಿ ಜೊಸಾಯ ಹಡ್ಸನ್; ಇಂಗ್ಲಿಷಿನಲ್ಲಿ ಇಬ್ಬರ ಹೆಸರಿನ ಕಾಗುಣಿತವೂ ಬೇರೆ. ನಮ್ಮ ಬಾಯಲ್ಲಿ ಇಬ್ಬರೂ ಒಂದಾಗಿಬಿಟ್ಟಿದ್ದಾರೆ.

ಊರಿನ ಆಯ್ಕೆ ಜಾಣತನದ್ದೇ ಅನ್ನಬೇಕು. ಗುಬ್ಬಿ ಅಡಿಕೆ, ಕೊಬ್ಬರಿ ವ್ಯಾಪಾರದ ಊರು. ಸಂತೆಯ ದಿನ ಸುತ್ತಲಿನ ಹಳ್ಳಿಗಳೇ ಅಲ್ಲಿಗೆ ಬರುತ್ತವೆ. 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್‌ಗೆ ಇನ್ನೂ ಇಪ್ಪತ್ತು ವರ್ಷ. ಐರ್ಲೆಂಡಿನ ಹುಡುಗ. ಕನ್ನಡ ಕಲಿತು ಮಾತಿಗಿಳಿಯುವ ಹೊತ್ತಿಗೆ ಕಣ್ಣು ಕೈಕೊಟ್ಟಿತು, 1841ರಲ್ಲಿ ವಾಪಸು ಹೊರಟರು. ಅಷ್ಟು ಚಿಕ್ಕ ಅವಧಿಯ ಅನುಭವವನ್ನೇ ಇಟ್ಟುಕೊಂಡು ಮೈಸೂರು ಸೀಮೆಯ ಬಗ್ಗೆ 1847ರಲ್ಲಿ ಒಂದು ಪುಸ್ತಕ ಬರೆದರು. ಅವರು ಮಿಷನರಿ, ಬರವಣಿಗೆಯಲ್ಲಿ ಮಿಷನರಿಯ ನೋಟವೇ ಕಾಣುತ್ತದೆ. ಅದನ್ನು ಬದಿಗಿಟ್ಟು ಓದಿಕೊಳ್ಳಬೇಕು.

ಧರ್ಮ ಸಾರುವವರಿಗೂ ಮೊದಲು ಭಾಷೆ ಬೇಕಲ್ಲ? ಬೆಂಗಳೂರಿನಲ್ಲಿ ಮಿಷನ್ನಿನ ಅಚ್ಚುಕೂಟ ಶುರುವಾಯಿತು. ಅಲ್ಲಿ ಬೈಬಲ್ಲಿನ ಭಾಗಗಳಷ್ಟೇ ಅಚ್ಚಾಗಿರಬೇಕು ಎಂದುಕೊಂಡರೆ ತಪ್ಪು. 1849ರಲ್ಲಿ ಮಿಷನ್ನಿನ ಜಾನ್ ಗ್ಯಾರೆಟ್ ಅಲ್ಲಿಂದ ಹೊರತಂದದ್ದು ಭಗವದ್ಗೀತೆ! ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಅಕ್ಕಪಕ್ಕದ ಅಂಕಣಗಳಲ್ಲಿ. 1852ರಲ್ಲಿ ಅದೇ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಲಕ್ಷ್ಮೀಶನ ಜೈಮಿನಿ ಭಾರತಕ್ಕೆ ಅನುವಾದ, ಟಿಪ್ಪಣಿ ಸೇರಿಸಿ ತಂದರು. ದೇವಪುರದ ಕವಿಯನ್ನು ವೆಸ್ಲಿಯ ಶಿಷ್ಯರು ಪಾಠಕ್ಕೆ ಕೂತು ಓದಿದರು ಎಂಬುದು ನನಗಂತೂ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಸಂಗತಿ.

ಮುಂದೆ ಶಾಲೆಗಳು, ಆಸ್ಪತ್ರೆ. ಅವು ನಿಮಗೆ ಗೊತ್ತಿರುವಂಥವೇ. 1947ರಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರಚನೆಯಾದಾಗ ವೆಸ್ಲಿಯನ್ನರು ಅದರಲ್ಲಿ ಸೇರಿಕೊಂಡರು. 1870ರ ದಶಕದಲ್ಲಿ ವಿಲಿಯಂ ಟೇಲರ್ ಮೂಲಕ ಬೆಂಗಳೂರಿಗೆ ಬಂದ ಅಮೆರಿಕದ ಮೆಥೊಡಿಸ್ಟರು ಸೇರಲಿಲ್ಲ. ಹಾಗಾಗಿ ಇವತ್ತು ಬೆಂಗಳೂರಿನಲ್ಲಿ ಮೆಥೊಡಿಸ್ಟ್ ಚರ್ಚ್ ಎಲ್ಲಿ ಎಂದು ಕೇಳಿದರೆ ರಿಚ್ಮಂಡ್ ಟೌನ್ ಕಡೆ ಕೈ ತೋರಿಸುತ್ತಾರೆ, ಹಡ್ಸನ್ ವೃತ್ತದ ಕಡೆಗಲ್ಲ.

ನಮಸ್ಕಾರ.