ದೂನ್ ಶಾಲೆ: ಕಾಂಪೌಂಡಿನ ಒಳಗೂ ಹೊರಗೂ

ಕೇಳುಗರಿಗೆಲ್ಲ ನಮಸ್ಕಾರ.

ಡೆಹ್ರಾಡೂನಿನ ದೂನ್ ಶಾಲೆಯ ಹೆಸರು ನೀವೆಲ್ಲ ಕೇಳಿಯೇ ಇರುತ್ತೀರಿ. ರಾಜೀವ್ ಗಾಂಧಿ ಓದಿದ ಶಾಲೆ ಅಂತಲೋ, ದೊಡ್ಡ ಮನೆತನದ ಮಕ್ಕಳು ಹೋಗುವ ಶಾಲೆ ಅಂತಲೋ ಕೇಳಿರುತ್ತೀರಿ. ಎರಡೂ ನಿಜವೇ. ಆದರೆ ಈ ಶಾಲೆಯ ಮಾತು ಬಂದಾಗಲೆಲ್ಲ ಅಷ್ಟಕ್ಕೇ ನಿಂತುಬಿಡುತ್ತದೆ, ಅದು ನನಗೆ ಸ್ವಲ್ಪ ಬೇಜಾರು. ಮಂತ್ರಿಗಳನ್ನು ನಮ್ಮ ಹಳ್ಳಿಯ ಸರ್ಕಾರಿ ಶಾಲೆಗಳೂ ಬೇಕಾದಷ್ಟು ಕೊಟ್ಟಿವೆ. ದೂನ್ ಶಾಲೆ ಈ ದೇಶಕ್ಕೆ ಕೊಟ್ಟ ದೊಡ್ಡ ಕೊಡುಗೆ ಬೆಟ್ಟ ಹತ್ತುವ ಹುಚ್ಚು ಅಂತ ನನಗನ್ನಿಸುತ್ತದೆ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಈ ಶಾಲೆ ಹುಟ್ಟಿದ್ದು ಹೇಗೆ ಅಂತ ನೋಡೋಣ.

ಬ್ರಿಟಿಷರ ಕಾಲದಲ್ಲಿ ಹೆಸರಾಂತ ವಸತಿ ಶಾಲೆಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಚರ್ಚಿನವರು ಕಟ್ಟಿದ್ದು. ಶಿಮ್ಲಾದ ಬಿಷಪ್ ಕಾಟನ್ ಶಾಲೆ 1859ರದ್ದು, ನಮ್ಮ ಬೆಂಗಳೂರಿನ ಬಿಷಪ್ ಕಾಟನ್ 1865ರದ್ದು. ಮೊದಮೊದಲು ಅಲ್ಲಿ ಓದುತ್ತಿದ್ದವರು ಹೆಚ್ಚಾಗಿ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳು. ಇನ್ನೊಂದು, ರಾಜಕುಮಾರರಿಗೆ ಅಂತಲೇ ತೆರೆದ ಕಾಲೇಜುಗಳು. ಗುಜರಾತಿನ ರಾಜ್‌ಕೋಟ್‌ನಲ್ಲಿ ಒಂದು, ಅಜ್ಮೇರದಲ್ಲಿ ಮೇಯೋ, ಲಾಹೋರಿನಲ್ಲಿ ಏಚಿಸನ್. ಮೇಯೋ ಕಾಲೇಜಿನ ಮೊದಲ ವಿದ್ಯಾರ್ಥಿ ಅಲ್ವರ್‌ನ ಮಹಾರಾಜ. 1875ರಲ್ಲಿ ಆತ ಶಾಲೆಗೆ ಬಂದದ್ದು ಆನೆಯ ಮೇಲೆ, ಹಿಂದೆ ದೊಡ್ಡ ಪರಿವಾರ. ಓದೋಕೆ ಬಂದರೋ ದಂಡೆತ್ತಿ ಬಂದರೋ ಹೇಳೋದು ಕಷ್ಟ!

ಇವೆರಡಕ್ಕೂ ಸೇರದ ಭಾರತೀಯ ಹುಡುಗ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವರು ಸತೀಶ್ ರಂಜನ್ ದಾಸ್. ಕಲ್ಕತ್ತೆಯ ದೊಡ್ಡ ವಕೀಲರು, ಬಂಗಾಳದ ಅಡ್ವೊಕೇಟ್ ಜನರಲ್ ಆಗಿದ್ದವರು, ಆಮೇಲೆ ವೈಸರಾಯ್ ಮಂಡಳಿಯಲ್ಲಿ ಕಾನೂನು ಸದಸ್ಯರು. ದೇಶಬಂಧು ಚಿತ್ತರಂಜನ್ ದಾಸ್ ಅವರ ಸಂಬಂಧಿ. ಇವರು ಇಂಗ್ಲೆಂಡಿನಲ್ಲಿ ಓದಿದವರು. ಅಲ್ಲಿನ ಪಬ್ಲಿಕ್ ಸ್ಕೂಲಿನ (ಹೆಸರು ಪಬ್ಲಿಕ್ ಆದರೂ ಅದು ಖಾಸಗಿ ಶಾಲೆಯೇ) ಶಿಸ್ತು ಬೇಕು, ಆದರೆ ಅದರಲ್ಲಿ ಚರ್ಚೂ ಇರಬಾರದು, ರಾಜಮನೆತನದ ಡೌಲೂ ಇರಬಾರದು, ಯಾವ ಜಾತಿ ಯಾವ ಧರ್ಮದ ಹುಡುಗನಾದರೂ ಒಂದೇ ಸೂರಿನಡಿ ಬೆಳೆಯಬೇಕು ಅನ್ನೋದು ಅವರ ಆಸೆ. ಅದಕ್ಕಾಗಿ ಒಂದು ಸೊಸೈಟಿ ಕಟ್ಟಿದರು, ಊರೂರು ತಿರುಗಿ ಚಂದಾ ಎತ್ತಿದರು. ಶಾಲೆ ಮಾತ್ರ ನೋಡಲಿಲ್ಲ. 1928ರಲ್ಲೇ ತೀರಿಕೊಂಡರು.

ಯೋಜನೆ ಕೆಲವು ವರ್ಷ ಹಾಗೇ ಬಿದ್ದಿತ್ತು. ಡೆಹ್ರಾಡೂನಿನಲ್ಲಿದ್ದ ಅರಣ್ಯ ಸಂಶೋಧನಾ ಸಂಸ್ಥೆ ತನ್ನ ಹೊಸ ಕಟ್ಟಡಕ್ಕೆ ಹೋದ ಮೇಲೆ ಚಾಂದ್‌ಬಾಗ್ ಎಂಬ ಅದರ ಹಳೆಯ ಜಾಗ ಖಾಲಿಯಾಗಿತ್ತು. ಸುಮಾರು 70 ಎಕರೆ. ಅರಣ್ಯದವರು ಇದ್ದ ಜಾಗ ಅಂದಮೇಲೆ ಮರಗಳ ಬಗ್ಗೆ ಕೇಳಬೇಕೇ? ಒಳ್ಳೊಳ್ಳೆ ಜಾತಿಯ ಮರಗಳು ಶಾಲೆಗೆ ಬಳುವಳಿಯಾಗಿ ಬಂದವು. ಅಲ್ಲಿ 1935ರ ಸೆಪ್ಟೆಂಬರ್ 10ರಂದು ಪಾಠ ಶುರುವಾಯಿತು. ಮೊದಲ ತಂಡದಲ್ಲಿ 70 ಹುಡುಗರು. ಮುಂದಿನ ತಿಂಗಳು ವೈಸರಾಯ್ ವಿಲ್ಲಿಂಗ್‌ಡನ್ ಬಂದು ವಿಧ್ಯುಕ್ತವಾಗಿ ಉದ್ಘಾಟನೆ ಮಾಡಿದರು.

ಮೊದಲ ಹೆಡ್‌ಮಾಸ್ಟರ್ ಆರ್ಥರ್ ಫುಟ್. ಇಂಗ್ಲೆಂಡಿನ ಈಟನ್ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು. ಅವರ ಜೊತೆಗೆ ಹ್ಯಾರೋ ಶಾಲೆಯಿಂದ ಜಾನ್ ಮಾರ್ಟಿನ್ ಬಂದರು. ಈಟನ್, ಹ್ಯಾರೋ ಎರಡೂ ಅಲ್ಲಿನ ಶ್ರೀಮಂತರ ಶಾಲೆಗಳೇ. ಹಾಗಾಗಿ ದೂನ್ ಶಾಲೆಯ ನಡವಳಿಕೆಯಲ್ಲಿ ಇಂಗ್ಲೆಂಡ್ ಚೆನ್ನಾಗಿಯೇ ಬೆರೆತಿದೆ. ಹುಡುಗರನ್ನು ಹೌಸ್‌ಗಳಾಗಿ ಹಂಚುವುದು, ಹಿರಿಯ ಹುಡುಗರಿಗೆ ಅಧಿಕಾರ ಕೊಡುವುದು, ಆಟದಲ್ಲೋ ಓದಿನಲ್ಲೋ ಮೇಲೆ ಬಂದವನಿಗೆ ಬೇರೆ ಬಣ್ಣದ ಬ್ಲೇಜರ್ ಕೊಡುವುದು, ಎಲ್ಲವೂ ಅಲ್ಲಿಯದೇ. ರಾತ್ರಿ ಕೂತು ಓದಿಕೊಳ್ಳುವ ಹೊತ್ತಿಗೆ ಇಲ್ಲಿ ‘ಟಾಯ್ ಟೈಮ್’ ಅನ್ನುತ್ತಾರೆ. ಅದೂ ಇಂಗ್ಲೆಂಡಿನ ವಿಂಚೆಸ್ಟರ್ ಶಾಲೆಯ ಹುಡುಗರ ಮಾತೇ. ಆದರೆ ಬೆಳಗ್ಗೆ ಎದ್ದ ತಕ್ಷಣ, ಪಿ.ಟಿ.ಗೆ ಓಡುವ ಮುಂಚೆ, ಒಂದಿಷ್ಟು ಚಹಾ ಬಿಸ್ಕೆಟ್ ಕೊಡುತ್ತಾರಲ್ಲ, ಅದರ ಹೆಸರು ‘ಛೋಟಾ ಹಾಜ್ರಿ’. ಅದು ಹಿಂದೂಸ್ತಾನದಲ್ಲಿದ್ದ ಬ್ರಿಟಿಷ್ ಸಾಹೇಬರ ಮನೆಗಳಿಂದ ಬಂದದ್ದು. ಸಾಹೇಬರು ಹೋದರು, ಛೋಟಾ ಹಾಜ್ರಿ ಉಳಿಯಿತು.

ಹೌಸ್‌ಗಳ ಹೆಸರಿನಲ್ಲೂ ಒಂದು ಕತೆ ಇದೆ. ಹೈದರಾಬಾದ್, ಕಾಶ್ಮೀರ, ಜೈಪುರ, ಟಾಟಾ. ಮೊದಲಿನವು ಈ ನಾಲ್ಕು. ಯಾರು ದುಡ್ಡು ಕೊಟ್ಟರು ಅನ್ನೋದು ಹೆಸರಲ್ಲೇ ಗೊತ್ತಾಗುತ್ತದೆ, ಅಲ್ವಾ? ರಾಜಕುಮಾರರಿಗೆ ಮೀಸಲಲ್ಲದ ಶಾಲೆ ಕಟ್ಟೋಕೆ ರಾಜರ ಹಣವೇ ಬೇಕಾಯಿತು. 1991ರಲ್ಲಿ ಐದನೆಯದು ಸೇರಿತು, ಅದರ ಹೆಸರು ಓಬೆರಾಯ್, ಹೋಟೆಲ್ ಉದ್ಯಮದವರ ಹೆಸರು. ಆ ಹೊತ್ತಿಗೆ ಕಾಲ ಎಲ್ಲಿಗೆ ಬಂದಿತ್ತು ಅಂತ ಇದರಿಂದಲೇ ಊಹಿಸಿ.

ಇಷ್ಟೆಲ್ಲ ಇಂಗ್ಲಿಷ್ ನಡವಳಿಕೆಯ ನಡುವೆ ಬೆಳಗಿನ ಅಸೆಂಬ್ಲಿ ಮಾತ್ರ ಬೇರೆಯದೇ ದಾರಿ ಹಿಡಿಯಿತು. ಇಂಗ್ಲೆಂಡಿನ ಇಂಥ ಶಾಲೆಗಳಲ್ಲಿ ದಿನ ಶುರುವಾಗುವುದು ಚಾಪೆಲ್‌ನಲ್ಲಿ, ಅಂದರೆ ಶಾಲೆಯೊಳಗಿನ ಪುಟ್ಟ ಚರ್ಚಿನಲ್ಲಿ. ದೂನ್ ಶಾಲೆಯಲ್ಲಿ ಚಾಪೆಲ್ ಇಲ್ಲ, ಗುಡಿ ಇಲ್ಲ, ಮಸೀದಿಯೂ ಇಲ್ಲ. ಎಲ್ಲ ಧರ್ಮದ ಹುಡುಗರೂ ಒಟ್ಟಿಗೆ ಸೇರಿ ಪ್ರಾರ್ಥನೆ ಮಾಡುವ, ಹಾಡುವ ಅಸೆಂಬ್ಲಿ. ಶಾಲೆಗೆ ಒಂದು ಹಾಡು ಬೇಕು ಅಂತಾದಾಗ ಆರಿಸಿಕೊಂಡದ್ದು ಯಾವುದು ಗೊತ್ತಾ? ರವೀಂದ್ರನಾಥ ಟಾಗೋರರ ‘ಜನ ಗಣ ಮನ’. 1935ರಲ್ಲೇ. ಅದು ರಾಷ್ಟ್ರಗೀತೆ ಆದದ್ದು 1950ರ ಜನವರಿ 24ರಂದು. ಅಂದರೆ ಹೆಡ್‌ಮಾಸ್ಟರ್ ಇಂಗ್ಲಿಷಿನವರು, ಉದ್ಘಾಟನೆಗೆ ಬಂದದ್ದು ವೈಸರಾಯ್, ಶಾಲೆಯ ಹಾಡು ಮಾತ್ರ ಟಾಗೋರರದ್ದು! ಮರುವರ್ಷ ಚಿತ್ರಕಲೆ ಹೇಳಿಕೊಡಲು ಶಾಂತಿನಿಕೇತನದಿಂದ ಸುಧೀರ್ ಖಾಸ್ತಗೀರ್ ಬಂದರು. ಹುಡುಗರ ಕೈಗೆ ಬಣ್ಣ, ಮಣ್ಣು ಎರಡೂ ಕೊಟ್ಟು ಇಪ್ಪತ್ತು ವರ್ಷ ಅಲ್ಲೇ ಇದ್ದರು.

ಸಮಾನತೆಯ ವಿಷಯಕ್ಕೆ ಬರೋಣ, ಏಕೆಂದರೆ ಇದು ಸ್ವಲ್ಪ ತೊಡಕಿನದು. ಕಾಂಪೌಂಡಿನ ಒಳಗೆ ಎಲ್ಲರೂ ಒಂದೇ ಅನ್ನೋದನ್ನು ಶಾಲೆ ಗಟ್ಟಿಯಾಗಿಯೇ ಹಿಡಿಯಿತು. ಒಂದೇ ಬಟ್ಟೆ, ಒಂದೇ ಊಟ, ಒಂದೇ ಪಾಕೆಟ್ ಮನಿ. ಅಪ್ಪ ಮಹಾರಾಜನಾಗಿರಲಿ, ಗುಮಾಸ್ತನಾಗಿರಲಿ, ಆಳು ಕಾಳು ಜೊತೆಗೆ ತರುವ ಹಾಗಿಲ್ಲ. ಆನೆಯಂತೂ ಇಲ್ಲವೇ ಇಲ್ಲ. ಹುಡುಗರೇ ಮಣ್ಣು ಅಗೆದು, ಕಲ್ಲು ಹೊತ್ತು ‘ರೋಸ್ ಬೌಲ್’ ಎಂಬ ಬಯಲು ರಂಗಮಂದಿರ ಕಟ್ಟಿದರು. ಇವತ್ತಿಗೂ ನಾಟಕ ನಡೆಯೋದು ಅಲ್ಲೇ. ಅದೇ ದಶಕದಲ್ಲಿ, 1937ರಲ್ಲಿ, ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದು ಕೈಕೆಲಸದ ಮೂಲಕ ಪಾಠ ಕಲಿಸಬೇಕು ಅಂದರು. ವಾರ್ಧಾ ಯೋಚಿಸಿದ್ದು ಹಳ್ಳಿಯ ಲಕ್ಷಾಂತರ ಮಕ್ಕಳ ಬಗ್ಗೆ. ದೂನ್ ಯೋಚಿಸಿದ್ದು ಆರಿಸಿದ ಕೆಲವರ ಬಗ್ಗೆ. ಇಬ್ಬರ ಕೈಯಲ್ಲೂ ಗುದ್ದಲಿ ಇತ್ತು, ನಿಜ. ಆದರೆ ಗುದ್ದಲಿ ಹಿಡಿಯೋದು ಒಬ್ಬನಿಗೆ ಬದುಕು, ಇನ್ನೊಬ್ಬನಿಗೆ ಪಾಠ. ಒಳಗೆ ಸಮಾನತೆ ಇದ್ದರೆ ಸಾಕೇ, ಗೇಟಿನ ಒಳಗೆ ಬರುವವರು ಯಾರು ಅನ್ನೋದು ಲೆಕ್ಕಕ್ಕಿಲ್ಲವೇ ಅಂತ ಯಾರಾದರೂ ಕೇಳಿದರೆ, ಕೇಳುವುದು ಸರಿಯಾಗಿಯೇ ಇದೆ.

ಸರಿ, ಈಗ ಬೆಟ್ಟಕ್ಕೆ ಬರೋಣ.

ಡೆಹ್ರಾಡೂನ್ ಇರುವುದು ಹಿಮಾಲಯದ ಬುಡದಲ್ಲಿ, ಕಣ್ಣೆತ್ತಿದರೆ ಮಸ್ಸೂರಿಯ ಸಾಲು. ಅಂಥ ಜಾಗಕ್ಕೆ ಬಂದ ಮೇಷ್ಟ್ರುಗಳೂ ಅಂಥವರೇ. ಹೋಲ್ಡ್ಸ್‌ವರ್ತ್ ಅಂತ ಒಬ್ಬರು. ಇಂಗ್ಲೆಂಡಿನಲ್ಲಿ ಒಳ್ಳೆಯ ಕ್ರಿಕೆಟ್ ಆಟಗಾರ. 1931ರಲ್ಲಿ ಕಾಮೆಟ್ ಶಿಖರ ಹತ್ತಿದ ತಂಡದಲ್ಲಿದ್ದವರು. ಏಳು ಸಾವಿರದ ಏಳುನೂರು ಮೀಟರ್ ದಾಟಿದ ಆ ತುದಿಯಲ್ಲಿ, ಉಸಿರಾಡೋದೇ ಕಷ್ಟವಾದ ಕಡೆ, ಆರಾಮಾಗಿ ಪೈಪ್ ಸೇದಿದರಂತೆ! 1937ರಲ್ಲಿ ಜ್ಯಾಕ್ ಗಿಬ್ಸನ್ ಬಂದರು. ರಜೆ ಸಿಕ್ಕರೆ ಹುಡುಗರನ್ನು ಕಟ್ಟಿಕೊಂಡು ಗಢವಾಲದ ಕಡೆಗೆ ಹೊರಡುತ್ತಿದ್ದರು. ಇವರ ಕಣ್ಣು ಬಿದ್ದದ್ದು ಬಂದರ್‌ಪೂಂಛ್ ಶಿಖರದ ಮೇಲೆ. ಲಂಕೆ ಸುಟ್ಟ ಹನುಮಂತ ಬಾಲದ ಬೆಂಕಿ ಆರಿಸಿಕೊಂಡದ್ದು ಅಲ್ಲಿ ಅಂತ ಆ ಕಡೆಯವರ ನಂಬಿಕೆ. 1946ರಲ್ಲಿ ಅದನ್ನು ಹತ್ತಲು ಹೋದಾಗ ಜೊತೆಯಲ್ಲಿ ಒಬ್ಬ ಶೆರ್ಪಾ ಇದ್ದರು. ಹೆಸರು ತೇನ್‌ಸಿಂಗ್ ನೋರ್ಗೆ. ಎವರೆಸ್ಟ್ ಹತ್ತಿ ಲೋಕಪ್ರಸಿದ್ಧರಾಗಲು ಇನ್ನೂ ಏಳು ವರ್ಷ ಇತ್ತು. ಆ ಸಲ ತುದಿ ಸಿಗಲಿಲ್ಲ. 1950ರಲ್ಲಿ ಗಿಬ್ಸನ್ ಮತ್ತೆ ತಂಡ ಕಟ್ಟಿಕೊಂಡು ಹೋದರು, ಆಗ ತೇನ್‌ಸಿಂಗ್ ಮತ್ತು ಇನ್ನಿಬ್ಬರು ತುದಿ ಮುಟ್ಟಿದರು.

ಇದೇ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಗುರ್ದಿಯಾಲ್ ಸಿಂಗ್ 1951ರಲ್ಲಿ ತ್ರಿಶೂಲ ಪರ್ವತಕ್ಕೆ ಹೋದರು. 7,120 ಮೀಟರ್ ಎತ್ತರ. ಅಲ್ಲಿಯವರೆಗೆ ಹಿಮಾಲಯ ಹತ್ತೋದು ಅಂದರೆ ವಿದೇಶಿಯರ ಕೆಲಸ, ನಮ್ಮವರದ್ದು ಸಾಮಾನು ಹೊರುವ ಕೆಲಸ ಅನ್ನೋ ಹಾಗಿತ್ತು. ಭಾರತೀಯರೇ ಮುಂದೆ ನಿಂತು ನಡೆಸಿದ ಪರ್ವತಾರೋಹಣದ ಚರಿತ್ರೆಯನ್ನು ಸಾಮಾನ್ಯವಾಗಿ ಈ ತ್ರಿಶೂಲ ಯಾತ್ರೆಯಿಂದಲೇ ಶುರು ಮಾಡುತ್ತಾರೆ. ತುದಿ ಮುಟ್ಟಿದ ಮೇಷ್ಟ್ರು ಏನು ಮಾಡಿದರು ಅಂತೀರಾ? ಅಲ್ಲೇ ಶೀರ್ಷಾಸನ ಹಾಕಿದರು. ಪೈಪ್ ಸೇದಿದ ಮೇಷ್ಟ್ರಿಗಿಂತ ಶೀರ್ಷಾಸನದ ಮೇಷ್ಟ್ರೇ ನನಗೆ ಜಾಸ್ತಿ ಇಷ್ಟ. ಇದೇ ಶಾಲೆಯ ಹುಡುಗ ನಂದು ಜಯಾಲ್ ಸೈನ್ಯ ಸೇರಿ ಮೇಜರ್ ಆಗಿ, 1954ರಲ್ಲಿ ಡಾರ್ಜಿಲಿಂಗ್‌ನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಶುರುವಾದಾಗ ಅದರ ಮೊದಲ ಪ್ರಾಂಶುಪಾಲರಾದರು. ನಾಲ್ಕು ವರ್ಷದ ನಂತರ ಚೋ ಓಯು ಪರ್ವತದಲ್ಲಿ ತೀರಿಕೊಂಡರು. ಇವತ್ತು ಕರ್ನಾಟಕದ ಯಾವುದೋ ಊರಿನ ಹುಡುಗಿ ಡಾರ್ಜಿಲಿಂಗ್‌ಗೆ ಹೋಗಿ ಹಗ್ಗ ಹಿಡಿಯೋದು ಕಲಿತು ಬರುತ್ತಾಳಲ್ಲ, ಅವಳು ದೂನ್ ಶಾಲೆಯ ಹೆಸರನ್ನೇ ಕೇಳದೆ ಇರಬಹುದು, ಆದರೆ ಅವಳು ಕಲಿತ ಸಂಸ್ಥೆಗೆ ಮೊದಲು ರೂಪ ಕೊಟ್ಟವನು ಈ ಚಾಂದ್‌ಬಾಗ್‌ನ ಹುಡುಗ.

ಆ ಪದ್ಧತಿ ಇನ್ನೂ ಇದೆ. ಟರ್ಮಿನ ನಡುವೆ ಕೆಲವು ದಿನ ಪಾಠ ನಿಲ್ಲಿಸಿ ಹುಡುಗರು ಗುಂಪು ಗುಂಪಾಗಿ ಬೆಟ್ಟಕ್ಕೆ ಹೋಗುತ್ತಾರೆ. ಅದಕ್ಕೆ ‘ಮಿಡ್‌ಟರ್ಮ್’ ಅನ್ನುತ್ತಾರೆ. ದೊಡ್ಡ ತರಗತಿಯವರು ದಾರಿ, ಊಟ, ಖರ್ಚು ಎಲ್ಲವನ್ನೂ ತಾವೇ ಯೋಚಿಸಿಕೊಳ್ಳಬೇಕು. ಮಗು ಟ್ಯೂಷನ್‌ಗೆ ಹೋಗುವಾಗಲೂ ಹಿಂದೆ ಸ್ಕೂಟರ್ ತೆಗೆದುಕೊಂಡು ಹೋಗುವ ನಮ್ಮಂಥವರಿಗೆ ಇದನ್ನು ಕೇಳಿದರೇ ಎದೆ ಝಲ್ ಅನ್ನುತ್ತದೆ.

ಬರವಣಿಗೆಯ ಕಡೆಗೂ ಒಂದು ಮಾತು ಹೇಳಬೇಕು. 1936ರಿಂದ ಹುಡುಗರೇ ನಡೆಸುವ ವಾರಪತ್ರಿಕೆ ಇದೆ, ‘ದೂನ್ ಸ್ಕೂಲ್ ವೀಕ್ಲಿ’. ಅದರಲ್ಲಿ ಕೈ ಪಳಗಿಸಿಕೊಂಡವರಲ್ಲಿ ಇಂಗ್ಲಿಷ್ ಕಾದಂಬರಿಕಾರರಾದ ವಿಕ್ರಮ್ ಸೇಠ್, ಅಮಿತಾವ್ ಘೋಷ್ ಇದ್ದಾರೆ. ನಮ್ಮ ಬೆಂಗಳೂರಿನಲ್ಲೇ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ಕೂಡ ಈ ಶಾಲೆಯವರೇ. ವಿಕ್ರಮ್ ಸೇಠ್ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು. ಪ್ರತಿ ವರ್ಷ ಶಾಲೆಯಲ್ಲಿ ಫೌಂಡರ್ಸ್ ಡೇ ನಡೆಯುತ್ತದೆ, ದೊಡ್ಡ ಹಬ್ಬದ ಹಾಗೆ. 1992ರಲ್ಲಿ ಭಾಷಣಕ್ಕೆ ಅವರನ್ನು ಕರೆದರು. ಹಳೆಯ ವಿದ್ಯಾರ್ಥಿ ಬಂದು ಶಾಲೆಯನ್ನು ಹೊಗಳಿ ಹೋಗೋದು ರೂಢಿ. ಇವರು ನಿಂತು, ಇಲ್ಲಿದ್ದಷ್ಟು ಕಾಲ ನಾನು ತುಂಬ ಒಂಟಿಯಾಗಿದ್ದೆ, ಹುಡುಗರು ಗೇಲಿ ಮಾಡಿ ಕಾಡಿದರು ಎಂಬ ಅರ್ಥ ಬರುವ ಹಾಗೆ ನೇರವಾಗಿ ಹೇಳಿದರು. ಹಾಗೇ ಶಾಲೆ ತಮಗೆ ಏನು ಕೊಟ್ಟಿತು ಅನ್ನೋದನ್ನೂ ಮರೆಮಾಚಲಿಲ್ಲ. ವಸತಿ ಶಾಲೆಯ ಬಗ್ಗೆ ಮಾತಾಡುವಾಗ ನಾವು ಶಿಸ್ತು, ಸ್ನೇಹ ಅಂತ ಹೇಳುತ್ತಲೇ ಹೋಗುತ್ತೇವೆ. ಹನ್ನೆರಡು ವರ್ಷದ ಹುಡುಗ ರಾತ್ರಿ ದೀಪ ಆರಿದ ಮೇಲೆ ಏನು ಅನುಭವಿಸುತ್ತಾನೆ ಅನ್ನೋದನ್ನು ಅದೇ ವೇದಿಕೆಯ ಮೇಲೆ ನಿಂತು ಹೇಳೋಕೆ ಧೈರ್ಯ ಬೇಕು.

ರಾಜಕೀಯದ್ದು ನಿಮಗೆ ಗೊತ್ತಿರೋದೇ. ರಾಜೀವ್, ಸಂಜಯ್ ಇಬ್ಬರೂ ಅಲ್ಲಿದ್ದರು. ನವೀನ್ ಪಟ್ನಾಯಕ್, ಅಮರಿಂದರ್ ಸಿಂಗ್, ಕಮಲ್ ನಾಥ್, ಜ್ಯೋತಿರಾದಿತ್ಯ ಸಿಂಧಿಯಾ ಎಲ್ಲರೂ ‘ದಾಸ್ಕೋ’ಗಳು, ಅಂದರೆ ದೂನ್‌ನವರು. ಆ ಪಟ್ಟಿ ಇಲ್ಲಿಗೆ ಸಾಕು.

ಸಂಸ್ಥಾಪಕ ದಾಸ್ ಅವರ ಮೊಮ್ಮಗ ಶೋಮಿ ದಾಸ್ ಕೂಡ ಇಲ್ಲೇ ಓದಿದರು. ಆಮೇಲೆ ಮೇಯೋ ಕಾಲೇಜಿಗೂ ಸನಾವರದ ಲಾರೆನ್ಸ್ ಶಾಲೆಗೂ ಮುಖ್ಯಸ್ಥರಾಗಿದ್ದು, 1988ರಲ್ಲಿ ದೂನ್ ಶಾಲೆಯ ಹೆಡ್‌ಮಾಸ್ಟರ್ ಆಗಿ ಬಂದರು. ತಾತ ನೋಡದ ಶಾಲೆಯನ್ನು ಮೊಮ್ಮಗ ಎಂಟು ವರ್ಷ ನಡೆಸಿದರು. 1998ರಲ್ಲಿ ಗಡಿಯ ಆಚೆ, ಲಾಹೋರಿಗೆ ಹತ್ತಿರದ ಮುರೀದ್‌ಕೆಯಲ್ಲಿ, ದೂನ್ ಮಾದರಿಯಲ್ಲೇ ಒಂದು ವಸತಿ ಶಾಲೆ ಶುರುವಾಯಿತು. ಅದಕ್ಕೆ ಇಟ್ಟ ಹೆಸರು ಚಾಂದ್‌ಬಾಗ್.

ಇನ್ನು ನಿಮ್ಮಲ್ಲಿ ಯಾರಾದರೂ ಮಗನನ್ನು ಅಲ್ಲಿಗೆ ಕಳಿಸೋಣವೇ ಅಂತ ಯೋಚಿಸುತ್ತಿದ್ದರೆ, ಸೇರಿಸಿಕೊಳ್ಳುವುದು ಮುಖ್ಯವಾಗಿ ಏಳನೇ ಮತ್ತು ಎಂಟನೇ ತರಗತಿಗೆ, ಪ್ರವೇಶ ಪರೀಕ್ಷೆ ಬರೆಯಬೇಕು, ವರ್ಷದ ಫೀಸು ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಸ್ಕಾಲರ್‌ಶಿಪ್ ಇದೆ, ಅದನ್ನು ವಿಚಾರಿಸಿ. ಮಗಳನ್ನು ಕಳಿಸೋಣ ಅಂದರೆ, ನೀವು ಅಲ್ಲಿ ಮೇಷ್ಟ್ರಾಗಿದ್ದರೆ ಮಾತ್ರ ಸಾಧ್ಯ. ಅಲ್ಲಿನ ಶಿಕ್ಷಕರ ಹೆಣ್ಣುಮಕ್ಕಳನ್ನು ಬಿಟ್ಟರೆ ಅದು ಇವತ್ತಿಗೂ ಗಂಡುಹುಡುಗರ ಶಾಲೆಯೇ.

ನಮಸ್ಕಾರ.